ಆಮದು ಕಂಪನಿಗೆ ನೆಲೆ ಆರಿಸುವ ಮುನ್ನ ಒಂದು ಕಂಟೇನರ್‌ನ ಹಿಂದೆ ಹೋಗಿ ನೋಡಿ

ನನ್ನ ಮೊದಲ ಆಮದು ಕಂಪನಿಯ ನೋಂದಣಿ ಪ್ರಮಾಣಪತ್ರ ಎರಡೇ ದಿನದಲ್ಲಿ ಇಮೇಲ್‌ಗೆ ಬಂತು. ಬ್ಯಾಂಕ್ ಖಾತೆ ತೆರೆಯಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಬಾಗಿಲಿನ ಬೀಗ, ಚಿಲಕ ತುಂಬಿದ ಇಪ್ಪತ್ತು ಅಡಿಯ ಒಂದು ಕಂಟೇನರ್ ಬಂದರಿಗೆ ಬಂದು ಕೂತಿತ್ತು. ಸರಬರಾಜುದಾರರಿಗೆ ಶೇ. 30 ಮುಂಗಡ ಕೊಟ್ಟಾಗಿತ್ತು. ಉಳಿದ ಶೇ. 70 ಕೈಸೇರುವ ತನಕ ಅವರು ಬಿಲ್ ಆಫ್ ಲೇಡಿಂಗ್ (ಸರಕು ಬಿಡಿಸಿಕೊಳ್ಳಲು ಬೇಕಾದ ಹಡಗು ದಾಖಲೆ) ಬಿಡುವುದಿಲ್ಲ, ಅದು ಕೈಗೆ ಬರದೆ ಹಡಗು ಕಂಪನಿ ಸರಕು ಬಿಡುವುದಿಲ್ಲ. ಹಣ ನನ್ನ ಹತ್ತಿರ ಇತ್ತು, ಆದರೆ ಕಂಪನಿಯ ಹೆಸರಿನಲ್ಲಿ ಕಳಿಸಲು ಖಾತೆ ಇರಲಿಲ್ಲ. 23 ದಿನದ ಡೆಮರೇಜ್ (ಸರಕು ಬಿಡಿಸದೆ ಬಂದರಿನಲ್ಲಿ ನಿಂತದ್ದಕ್ಕೆ ಬೀಳುವ ಶುಲ್ಕ) ಬಿಲ್ಲು ಈಗಲೂ ನನ್ನ ಫೈಲಿನಲ್ಲಿದೆ. ಆ ಜಾಗವನ್ನು ನಾನು ಆರಿಸಿದ್ದು ಒಂದೇ ಕಾರಣಕ್ಕೆ: ಅಲ್ಲಿ ಕಂಪನಿ ತೆರಿಗೆ ಕಡಿಮೆ. ಆ ವರ್ಷ ಲಾಭವೇ ಬರಲಿಲ್ಲವಾದ್ದರಿಂದ ಕಡಿಮೆ ತೆರಿಗೆಯ ಪ್ರಯೋಜನವೂ ಸಿಗಲಿಲ್ಲ.

ಆಮದು ವ್ಯವಹಾರದಲ್ಲಿ ಹಣ ಕರಗುವುದು ವರ್ಷದ ಕೊನೆಯ ತೆರಿಗೆಯಲ್ಲಿ ಅಲ್ಲ, ಸರಕು ದಾರಿಯಲ್ಲಿ ನಿಂತ ದಿನಗಳಲ್ಲಿ. ಹಾಗಾಗಿ ನೆಲೆ ಆರಿಸುವಾಗ ಮೊದಲು ಸರಕಿನ ದಾರಿ ನೋಡಿ, ಆಮೇಲೆ ಹಣದ ದಾರಿ, ತೆರಿಗೆ ದರ ಕೊನೆಗೆ. ಈ ಲೇಖನವೂ ಅದೇ ಕ್ರಮದಲ್ಲಿ ಸಾಗುತ್ತದೆ.

ಮೊದಲು ಮೂರು ವಿಳಾಸಗಳನ್ನು ಬೇರೆ ಮಾಡಿ

"ಕಂಪನಿ ಎಲ್ಲಿ ಶುರು ಮಾಡಲಿ?" ಎಂದು ಕೇಳುವವರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕೇಳುತ್ತಿರುತ್ತಾರೆ. ಕಂಪನಿ ಯಾವ ದೇಶದ ಕಾನೂನಿನಡಿ ನೋಂದಣಿಯಾಗಬೇಕು? ಸರಕು ಯಾವ ಗಡಿಯಲ್ಲಿ ಸುಂಕ ಕಟ್ಟಿ ಒಳಗೆ ಬರಬೇಕು? ಬಂದ ಸರಕು ಎಲ್ಲಿ ಸಂಗ್ರಹವಾಗಿ, ಎಲ್ಲಿಂದ ಗಿರಾಕಿಗೆ ಹೋಗಬೇಕು? ಮೂರಕ್ಕೂ ಒಂದೇ ಉತ್ತರ ಇರಬೇಕೆಂದೇನಿಲ್ಲ. ಐರೋಪ್ಯ ಒಕ್ಕೂಟದಲ್ಲಿ 1968ರಿಂದ ಕಸ್ಟಮ್ಸ್ ಒಕ್ಕೂಟ ಇದೆ. ನೆದರ್‌ಲೆಂಡ್ಸ್‌ನ ರೋಟರ್‌ಡ್ಯಾಮ್ ಬಂದರಿನಲ್ಲಿ ಸುಂಕ ಕಟ್ಟಿ ಒಳಬಂದ ಸರಕು ಪೋಲೆಂಡ್‌ಗೆ ಹೋದರೂ ಮತ್ತೆ ಸುಂಕವಿಲ್ಲ. ಅಲ್ಲಿ ಒಂದು ದೇಶದಲ್ಲಿ ಕಂಪನಿ, ಇನ್ನೊಂದರಲ್ಲಿ ಬಂದರು, ಮತ್ತೊಂದರಲ್ಲಿ ಗೋದಾಮು ಇಟ್ಟುಕೊಂಡು ನಡೆಸುವವರಿದ್ದಾರೆ. ಆದರೆ ಮೂರೂ ಬೇರೆಬೇರೆಯಾದಷ್ಟು ಲೆಕ್ಕಪತ್ರ, ವ್ಯಾಟ್ ನೋಂದಣಿ, ಏಜೆಂಟರು ಹೆಚ್ಚುತ್ತಾರೆ. ಹೊಸಬರಿಗೆ ನನ್ನ ಸಲಹೆ, ಮೊದಲ ಎರಡು ವರ್ಷ ಮೂರನ್ನೂ ಒಂದೇ ದೇಶದಲ್ಲಿ ಇಡಿ. ಸರಕಿನ ಪ್ರಮಾಣ ಹೆಚ್ಚಿದ ಮೇಲೆ ಬಿಡಿಸಿಕೊಳ್ಳಬಹುದು.

ಇನ್ನೊಂದು ಮಾತನ್ನೂ ಇಲ್ಲೇ ತೀರ್ಮಾನಿಸಿಕೊಳ್ಳಿ. ನಿಮ್ಮ ಗಿರಾಕಿಗಳು ಒಂದೇ ದೇಶದಲ್ಲಿದ್ದಾರೆಯೇ, ಹತ್ತು ದೇಶಗಳಲ್ಲಿ ಹರಡಿದ್ದಾರೆಯೇ? ಒಂದೇ ದೇಶದಲ್ಲಿದ್ದರೆ ಹೆಚ್ಚಿನ ಸಂದರ್ಭದಲ್ಲಿ ಕಂಪನಿಯೂ ಅಲ್ಲೇ ಇರಬೇಕು. ಅದರ ಮೇಲೆ ವಿದೇಶಿ ಹೋಲ್ಡಿಂಗ್ ಕಂಪನಿ, ಸುಂಕ ಕಟ್ಟದೆ ಸರಕು ಇಡಬಹುದಾದ ಮುಕ್ತ ವಲಯ ಎಂದೆಲ್ಲ ಮಾಡುವುದು ಸುಮ್ಮನೆ ಖರ್ಚು. ಸಿಂಗಾಪುರ, ದುಬೈ, ಹಾಂಗ್‌ಕಾಂಗ್‌ನಂಥ ಕೇಂದ್ರಗಳ ಲೆಕ್ಕ ಬರುವುದು ತಂದ ಸರಕಿನ ದೊಡ್ಡ ಪಾಲು ಮತ್ತೆ ಬೇರೆ ದೇಶಗಳಿಗೆ ಹೋಗುವುದಿದ್ದಾಗ ಮಾತ್ರ.

ಒಂದು ಕಂಟೇನರ್‌ನ ದಿನಚರಿ ಬರೆಯಿರಿ

ಒಂದು ಖಾಲಿ ಹಾಳೆ ತೆಗೆದುಕೊಂಡು ಮೂರು ಅಂಕಣ ಎಳೆಯಿರಿ: ದಿನ, ಸರಕು ಎಲ್ಲಿದೆ, ಕೈಯಿಂದ ಹೋದ ಹಣ ಎಷ್ಟು. ಕಾರ್ಖಾನೆಗೆ ಮುಂಗಡ ಕೊಟ್ಟ ದಿನವನ್ನು ಸೊನ್ನೆ ಎಂದಿಟ್ಟುಕೊಳ್ಳಿ. ಗಿರಾಕಿಯ ಹಣ ಖಾತೆಗೆ ಬಂದ ದಿನಕ್ಕೆ ಹಾಳೆ ಮುಗಿಯಬೇಕು. ನಾನು ಹೊಸ ಜಾಗ ಯೋಚಿಸುವಾಗ ಪ್ರತಿ ಜಾಗಕ್ಕೂ ಇಂಥ ಒಂದು ಹಾಳೆ ಬರೆಯುತ್ತೇನೆ.

ಮಾದರಿಗೆ ಒಂದು ಲೆಕ್ಕ. ಕಾರ್ಖಾನೆಯ ಬಂದರಿನಲ್ಲಿ ಹಡಗೇರಿಸುವ ತನಕದ ಬೆಲೆ, ಅಂದರೆ ಎಫ್‌ಒಬಿ, 1,00,000 ಯೂರೋ. ಹಡಗು ಬಾಡಿಗೆ 6,000, ವಿಮೆ 400. ಸುಂಕ ಶೇ. 6, ವ್ಯಾಟ್ ಶೇ. 21 ಎಂದಿಟ್ಟುಕೊಳ್ಳಿ. ಬಾಡಿಗೆ ಮತ್ತು ವಿಮೆ ಸೇರಿಸಿದ ಸಿಐಎಫ್ ಮೌಲ್ಯದ ಮೇಲೆ ಸುಂಕ ಹಾಕುವ ಕಡೆ 1,06,400ರ ಮೇಲೆ 6,384 ಸುಂಕ ಬೀಳುತ್ತದೆ. ಎರಡನ್ನೂ ಕೂಡಿಸಿದ 1,12,784ರ ಮೇಲೆ ವ್ಯಾಟ್ 23,685. ಅಂದರೆ ಒಂದೇ ಒಂದು ಬೀಗ ಮಾರುವ ಮೊದಲೇ ಗಡಿಯಲ್ಲಿ 30,069 ಯೂರೋ ಕೈಯಿಂದ ಹೋಗುತ್ತದೆ.

ಸುಂಕ ಹೋಯಿತೆಂದರೆ ಹೋಯಿತು, ಅದನ್ನು ಮಾರಾಟ ಬೆಲೆಯಲ್ಲೇ ಸೇರಿಸಿಕೊಳ್ಳಬೇಕು. ವ್ಯಾಟ್ ಹಾಗಲ್ಲ, ವಾಪಸು ಬರುತ್ತದೆ. ಆದರೆ ಯಾವಾಗ? ತಿಂಗಳಿಗೊಂದು ಕಂಟೇನರ್ ತರಿಸುತ್ತೀರಿ, ಪ್ರತಿ ಸಲ ಕಟ್ಟಿದ ವ್ಯಾಟ್ ಹಿಂತಿರುಗಲು ಮೂರು ತಿಂಗಳು ಹಿಡಿಯುತ್ತದೆ ಎಂದುಕೊಳ್ಳಿ. ಆಗ ಯಾವ ದಿನ ನೋಡಿದರೂ ನಿಮ್ಮ ಸುಮಾರು 71,000 ಯೂರೋ ಖಜಾನೆಯಲ್ಲಿ ಕೂತಿರುತ್ತದೆ. ಶೇ. 10ರ ಬಡ್ಡಿಗೆ ಸಾಲ ತಂದು ನಡೆಸುವವರಿಗೆ ಇದರ ಖರ್ಚು ವರ್ಷಕ್ಕೆ 7,100. ಈಗ ತೆರಿಗೆ ಕಡೆ ನೋಡಿ. ವರ್ಷದ ಲಾಭ 60,000 ಇದ್ದರೆ, ಶೇ. 25ರ ದೇಶ ಬಿಟ್ಟು ಶೇ. 17ರ ದೇಶಕ್ಕೆ ಹೋದಾಗ ಉಳಿಯುವುದು 4,800. ಜನ ಈ 4,800ರ ಬೆನ್ನು ಹತ್ತಿ 7,100 ಕಳೆದುಕೊಳ್ಳುವುದನ್ನು ನಾನು ಕಂಡಿದ್ದೇನೆ. ಮಾರಾಟದಲ್ಲಿ ವಸೂಲಾದ ವ್ಯಾಟ್‌ನಿಂದ ಒಂದಷ್ಟು ಸರಿದೂಗುತ್ತದೆ ಎನ್ನುವುದು ನಿಜ. ಆದರೆ ಸಗಟು ಗಿರಾಕಿ 45 ದಿನದ ಸಾಲ ಕೇಳಿದರೆ ಆ ಅನುಕೂಲವೂ ತಡವಾಗಿಯೇ ಬರುತ್ತದೆ.

ಗಡಿಯಲ್ಲೇ ವ್ಯಾಟ್ ಕಟ್ಟಬೇಕೇ?

ಆದ್ದರಿಂದ ಯಾವ ದೇಶವನ್ನು ನೋಡುವಾಗಲೂ ನಾನು ಕೇಳುವ ಮೊದಲ ಪ್ರಶ್ನೆ ಇದೇ. ಎಷ್ಟೋ ದೇಶಗಳು ಆಮದುದಾರರಿಗೆ ಈ ಹೊರೆ ಇಳಿಸಿವೆ. ನೆದರ್‌ಲೆಂಡ್ಸ್‌ನಲ್ಲಿ ಆರ್ಟಿಕಲ್ 23 ಎನ್ನುವ ಪರವಾನಗಿ ಇದ್ದರೆ ಗಡಿಯಲ್ಲಿ ವ್ಯಾಟ್ ಕಟ್ಟಬೇಕಿಲ್ಲ. ವ್ಯಾಟ್ ರಿಟರ್ನ್‌ನಲ್ಲಿ ಒಂದು ಕಡೆ ತೋರಿಸಿ ಇನ್ನೊಂದು ಕಡೆ ಕಳೆದರೆ ಮುಗಿಯಿತು, ನಗದು ಚಲಿಸುವುದೇ ಇಲ್ಲ. ವಿದೇಶಿ ಕಂಪನಿಗಳು ಅಲ್ಲಿನ ತೆರಿಗೆ ಪ್ರತಿನಿಧಿಯ ಮೂಲಕ ಈ ಸೌಲಭ್ಯ ಪಡೆಯುತ್ತವೆ. ಬ್ರಿಟನ್ 2021ರ ಜನವರಿ 1ರಿಂದ ವ್ಯಾಟ್ ನೋಂದಣಿ ಇರುವ ಆಮದುದಾರರಿಗೆ ಇಂಥದ್ದೇ ವ್ಯವಸ್ಥೆ ತಂದಿತು, ಐರ್ಲೆಂಡ್ ಕೂಡ ಆಗಲೇ ತಂದಿತು. ಫ್ರಾನ್ಸ್‌ನಲ್ಲಿ 2022ರಿಂದ ಇದು ಐಚ್ಛಿಕವೂ ಅಲ್ಲ, ವ್ಯಾಟ್ ನೋಂದಣಿ ಇರುವವರಿಗೆ ಇದೇ ಕ್ರಮ. ಜರ್ಮನಿಯಲ್ಲಿ ಪೂರ್ತಿ ವಿನಾಯಿತಿ ಇಲ್ಲ. ಆದರೆ ಮುಂದೂಡಿಕೆ ಖಾತೆ ಇದ್ದವರು ಆಮದಾದ ತಿಂಗಳ ನಂತರದ ಎರಡನೇ ತಿಂಗಳ 26ನೇ ತಾರೀಕಿಗೆ ಕಟ್ಟಿದರೆ ಸಾಕು.

ಸಿಂಗಾಪುರದಲ್ಲಿ ವ್ಯಾಟ್‌ಗೆ ಜಿಎಸ್‌ಟಿ ಎಂದು ಹೆಸರು, 2024ರಿಂದ ಅದು ಶೇ. 9. ಹೆಚ್ಚಿನ ಸರಕನ್ನು ಮರುರಫ್ತು ಮಾಡುವವರಿಗೆ ಮೇಜರ್ ಎಕ್ಸ್‌ಪೋರ್ಟರ್ ಸ್ಕೀಮ್ ಇದೆ, ಅದರಡಿ ಆಮದಿನ ಹೊತ್ತಿಗೆ ಜಿಎಸ್‌ಟಿ ಕಟ್ಟಬೇಕಿಲ್ಲ. ಹಾಂಗ್‌ಕಾಂಗ್‌ನಲ್ಲಿ ವ್ಯಾಟ್ ಎನ್ನುವುದೇ ಇಲ್ಲ. ಹಂಗೆರಿಯ ಉದಾಹರಣೆಯನ್ನೂ ಇಟ್ಟುಕೊಳ್ಳಿ: ಕಂಪನಿ ತೆರಿಗೆ ಶೇ. 9 ಮಾತ್ರ, ಒಕ್ಕೂಟದಲ್ಲೇ ಅತಿ ಕಡಿಮೆ. ವ್ಯಾಟ್ ಶೇ. 27, ಒಕ್ಕೂಟದಲ್ಲೇ ಅತಿ ಹೆಚ್ಚು. ಬರೀ ಮೊದಲ ಅಂಕಿ ನೋಡಿ ಹೊರಟವರಿಗೆ ಎರಡನೆಯದು ಗಡಿಯಲ್ಲಿ ಎದುರಾಗುತ್ತದೆ.

ಈ ಸೌಲಭ್ಯಗಳಲ್ಲಿ ಕೆಲವು ತಾನಾಗಿ ಸಿಗುತ್ತವೆ, ಕೆಲವಕ್ಕೆ ಅರ್ಜಿ ಹಾಕಬೇಕು, ಕೆಲವಕ್ಕೆ ಬ್ಯಾಂಕ್ ಗ್ಯಾರಂಟಿ ಅಥವಾ ಹಿಂದಿನ ವಹಿವಾಟಿನ ದಾಖಲೆ ಬೇಕು. ಹೊಸ ಕಂಪನಿಗೆ ಮೊದಲ ದಿನದಿಂದ ಸಿಗುತ್ತದೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಿ. ಕಾನೂನಿನಲ್ಲಿ ಇರುವುದು ಬೇರೆ, ಹೊಸಬರ ಕೈಗೆ ಸಿಗುವುದು ಬೇರೆ.

ಸುಂಕ: ಕೋಡ್, ಮೂಲ, ಮೌಲ್ಯ

ನಿಮ್ಮ ಸರಕಿನ ಎಚ್‌ಎಸ್ ಕೋಡ್ ತಿಳಿಯದೆ ದೇಶ ಆರಿಸಲು ಕೂರಬೇಡಿ. ವಿಶ್ವ ಕಸ್ಟಮ್ಸ್ ಸಂಸ್ಥೆಯ ಈ ವರ್ಗೀಕರಣ 1988ರಿಂದ ಜಾರಿಯಲ್ಲಿದೆ, 200ಕ್ಕೂ ಹೆಚ್ಚು ದೇಶ ಮತ್ತು ಆರ್ಥಿಕತೆಗಳು ಬಳಸುತ್ತವೆ. ಮೊದಲ ಆರು ಅಂಕಿ ಎಲ್ಲೆಡೆ ಒಂದೇ, ಅದರ ಮುಂದಿನವು ಆಯಾ ದೇಶದ್ದು. ನನ್ನ ಸರಕನ್ನೇ ನೋಡಿ. ಬೀಗ 8301ರಲ್ಲಿ ಬರುತ್ತದೆ, ಬಾಗಿಲಿನ ಕೀಲು 8302ರಲ್ಲಿ. ಒಂದೇ ಪೆಟ್ಟಿಗೆಯಲ್ಲಿ ಎರಡೂ ಇದ್ದರೆ ಇನ್‌ವಾಯ್ಸ್‌ನಲ್ಲಿ ಎರಡು ಸಾಲು ಬೇಕು. ಸಂದೇಹ ಇರುವ ಸರಕಿಗೆ ಕಸ್ಟಮ್ಸ್‌ನಿಂದ ಮುಂಚೆಯೇ ಅಡ್ವಾನ್ಸ್ ರೂಲಿಂಗ್, ಅಂದರೆ ಯಾವ ಕೋಡ್ ಎನ್ನುವ ಲಿಖಿತ ನಿರ್ಧಾರ, ಪಡೆಯಬಹುದು. 2017ರ ಫೆಬ್ರವರಿ 22ರಂದು ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮೀಕರಣ ಒಪ್ಪಂದವೇ ಇದನ್ನು ಸದಸ್ಯ ದೇಶಗಳ ಹೊಣೆ ಮಾಡಿದೆ. ಐರೋಪ್ಯ ಒಕ್ಕೂಟದಲ್ಲಿ ಇಂಥ ನಿರ್ಧಾರ ಮೂರು ವರ್ಷ ಊರ್ಜಿತ. ಕೇಳಿದರೆ ಕೊಡುವ ಆಡಳಿತ ಎಲ್ಲಿದೆಯೋ ಅಲ್ಲಿ ಆಮದು ವ್ಯವಹಾರ ಅರ್ಧ ಹಗುರಾಗುತ್ತದೆ.

ಮೌಲ್ಯದ ವಿಷಯದಲ್ಲೂ ದೇಶದಿಂದ ದೇಶಕ್ಕೆ ಅಂತರವಿದೆ. ಐರೋಪ್ಯ ಒಕ್ಕೂಟ ತನ್ನ ಗಡಿ ತನಕದ ಬಾಡಿಗೆ, ವಿಮೆ ಸೇರಿಸಿ ಸುಂಕ ಹಾಕುತ್ತದೆ. ಅಮೆರಿಕ ಅಂತರರಾಷ್ಟ್ರೀಯ ಸಾಗಣೆ ವೆಚ್ಚ ಬಿಟ್ಟು ಹಾಕುತ್ತದೆ. ಮೇಲಿನ ಲೆಕ್ಕದಲ್ಲಿ ಶೇ. 6ರ ಸುಂಕ ಒಂದು ಕಡೆ 6,384, ಇನ್ನೊಂದು ಕಡೆ 6,000. ಬೆಲೆ ಕಡಿಮೆ, ಜಾಗ ಹೆಚ್ಚು ಹಿಡಿಯುವ ಸರಕಿಗೆ ಈ ಅಂತರ ದೊಡ್ಡದಾಗುತ್ತದೆ, ಹಡಗು ಬಾಡಿಗೆ ಏರಿದ ವರ್ಷ ಇನ್ನೂ ದೊಡ್ಡದಾಗುತ್ತದೆ.

ಬಹಳ ಮಂದಿ ಎಡವುವುದು ಮೂಲದ ವಿಷಯದಲ್ಲಿ. ಸುಂಕ ನಿಂತಿರುವುದು ಸರಕು ಎಲ್ಲಿ ತಯಾರಾಯಿತು ಎನ್ನುವುದರ ಮೇಲೆ. ಇನ್‌ವಾಯ್ಸ್ ಯಾವ ದೇಶದ ಕಂಪನಿಯದು ಎನ್ನುವುದರ ಮೇಲೆ ಅಲ್ಲ. ಸಿಂಗಾಪುರದ ಕಂಪನಿಯ ಹೆಸರಿನಲ್ಲಿ ಬಿಲ್ಲು ಮಾಡಿದ ಮಾತ್ರಕ್ಕೆ ಚೀನಾದ ಸರಕು ಸಿಂಗಾಪುರದ ಸರಕಾಗುವುದಿಲ್ಲ. ಚೀನಾದ ಬೈಸಿಕಲ್‌ಗಳ ಮೇಲೆ ಐರೋಪ್ಯ ಒಕ್ಕೂಟ 1993ರಲ್ಲೇ ಆಂಟಿ-ಡಂಪಿಂಗ್ ಸುಂಕ (ತೀರಾ ಅಗ್ಗದ ಬೆಲೆಗೆ ತಂದು ಸುರಿಯುವ ಸರಕಿನ ಮೇಲಿನ ಹೆಚ್ಚುವರಿ ಸುಂಕ) ಹಾಕಿತು. ಆಮೇಲೆ ದರ ಶೇ. 48.5ಕ್ಕೆ ಏರಿತು. ಬೇರೆ ದೇಶಗಳ ಮೂಲಕ ಸುತ್ತಿಸಿ ತರುತ್ತಿದ್ದಾರೆಂದು ಕಂಡುಬಂದಾಗ 2013ರಲ್ಲಿ ಇಂಡೋನೇಷ್ಯಾ, ಮಲೇಷ್ಯಾ, ಶ್ರೀಲಂಕಾ, ಟುನೀಷಿಯಾದಿಂದ ಬರುವ ಬೈಸಿಕಲ್‌ಗಳಿಗೂ ಅದನ್ನು ಹಬ್ಬಿಸಿತು. ಹೀಗಿರುವಾಗ "ಅಲ್ಲಿ ಕಂಪನಿ ಮಾಡಿದರೆ ಸುಂಕ ತಪ್ಪುತ್ತದೆ" ಎನ್ನುವ ಸಲಹೆಗಾರರನ್ನು ನಂಬಬೇಡಿ.

ಮುಕ್ತ ವ್ಯಾಪಾರ ಒಪ್ಪಂದಗಳು ಇಲ್ಲಿ ನಿಜಕ್ಕೂ ಕೈಹಿಡಿಯುತ್ತವೆ. ಐರೋಪ್ಯ ಒಕ್ಕೂಟಕ್ಕೆ ದಕ್ಷಿಣ ಕೊರಿಯಾ, ಜಪಾನ್, ವಿಯೆಟ್ನಾಂ ಜೊತೆ ಒಪ್ಪಂದವಿದೆ. ಏಷ್ಯಾ-ಪೆಸಿಫಿಕ್‌ನ 15 ದೇಶಗಳ ವ್ಯಾಪಾರ ಒಪ್ಪಂದ ಆರ್‌ಸಿಇಪಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಆದರೆ ಒಪ್ಪಂದದ ರಿಯಾಯಿತಿ ಬೇಕಾದರೆ ಮೂಲದ ಪುರಾವೆಯ ಜೊತೆಗೆ ಸರಕು ದಾರಿಯಲ್ಲಿ ಬದಲಾಗಿಲ್ಲ ಎನ್ನುವುದನ್ನೂ ತೋರಿಸಬೇಕಾಗುತ್ತದೆ. ಕೊರಿಯಾದ ಸರಕನ್ನು ಮೂರನೇ ದೇಶದ ಗೋದಾಮಿಗೆ ತಂದು, ಅಲ್ಲಿ ಕಸ್ಟಮ್ಸ್ ನಿಗಾದಿಂದ ಹೊರಗೆ ತೆಗೆದು, ಆಮೇಲೆ ಯೂರೋಪಿಗೆ ಕಳಿಸಿದರೆ ರಿಯಾಯಿತಿ ಕೈತಪ್ಪುತ್ತದೆ. ನಡುವೆ ಒಂದು ಕೇಂದ್ರ ಇಟ್ಟುಕೊಳ್ಳಲು ಯೋಚಿಸುವವರು ಇದನ್ನು ಮೊದಲು ಪರಿಶೀಲಿಸಬೇಕು.

ಸ್ವಿಟ್ಜರ್ಲೆಂಡ್ 2024ರ ಜನವರಿ 1ರಿಂದ ಕೈಗಾರಿಕಾ ಸರಕುಗಳ ಮೇಲಿನ ಸುಂಕವನ್ನೇ ತೆಗೆದುಹಾಕಿದೆ. ಅಲ್ಲಿಯೇ ಮಾರುವವರಿಗೆ ಇದು ಒಳ್ಳೆಯ ಸುದ್ದಿ. ಚೀನಾದ ಬೀಗವನ್ನು ಅಲ್ಲಿಗೆ ತಂದು ಜರ್ಮನಿಗೆ ಮಾರುವವರಿಗೆ ಏನೂ ಉಳಿಯುವುದಿಲ್ಲ, ಒಕ್ಕೂಟದ ಗಡಿಯಲ್ಲಿ ಸುಂಕ ಕಟ್ಟಲೇಬೇಕು.

ಆಮದುದಾರ ಎನಿಸಿಕೊಳ್ಳಲು ಯಾರಿಗೆ ಅವಕಾಶ?

ಇದನ್ನು ಜನ ಕೇಳುವುದೇ ಇಲ್ಲ, ಸರಕು ಬಂದಿಳಿದ ಮೇಲೆ ಗೊತ್ತಾಗುತ್ತದೆ. ಅಮೆರಿಕದಲ್ಲಿ ಹೊರದೇಶದ ಕಂಪನಿಯೂ ಆಮದುದಾರನಾಗಿ ದಾಖಲಾಗಬಹುದು. ಅಲ್ಲಿ ನೆಲೆಸಿರುವ ಒಬ್ಬ ಏಜೆಂಟ್ ಮತ್ತು ಕಸ್ಟಮ್ಸ್ ಬಾಂಡ್ (ಸುಂಕ ಕಟ್ಟುತ್ತೀರಿ ಎನ್ನುವುದಕ್ಕೆ ಖಾತರಿ ಪತ್ರ) ಬೇಕು. ವರ್ಷಪೂರ್ತಿ ನಡೆಯುವ ಬಾಂಡ್‌ನ ಕನಿಷ್ಠ ಮೊತ್ತ 50,000 ಡಾಲರ್. ಇದು ಬಾಂಡ್‌ನ ಹೊಣೆಯ ಮೊತ್ತ, ನೀವು ಕಟ್ಟುವುದು ಅದರ ಒಂದು ಸಣ್ಣ ಭಾಗದಷ್ಟು ಪ್ರೀಮಿಯಂ. ಐರೋಪ್ಯ ಒಕ್ಕೂಟದಲ್ಲಿ ಸಾಮಾನ್ಯವಾಗಿ ಕಸ್ಟಮ್ಸ್ ಘೋಷಣೆ ಸಲ್ಲಿಸುವವರು ಒಕ್ಕೂಟದೊಳಗೆ ನೆಲೆಸಿರಬೇಕು. ಹೊರಗಿನ ಕಂಪನಿಗೆ ಪರೋಕ್ಷ ಪ್ರತಿನಿಧಿ ಬೇಕು. ಆ ಪ್ರತಿನಿಧಿ ಸುಂಕಕ್ಕೆ ನಿಮ್ಮ ಜೊತೆಗೆ ಹೊಣೆಗಾರನಾಗುವುದರಿಂದ ಶುಲ್ಕ ಹೆಚ್ಚು, ಮೇಲಾಗಿ ಠೇವಣಿಯನ್ನೂ ಕೇಳುತ್ತಾನೆ.

ಸರಕಿನ ಸುರಕ್ಷತೆಯ ನಿಯಮಗಳೂ ಇಲ್ಲಿಯೇ ಸೇರುತ್ತವೆ. ಯೂರೋಪಿನಲ್ಲಿ 2021ರ ಜುಲೈ 16ರಿಂದ ಆಟಿಕೆ, ವಿದ್ಯುತ್ ಉಪಕರಣದಂಥ ಎಷ್ಟೋ ಸರಕುಗಳಿಗೆ ಒಕ್ಕೂಟದೊಳಗೆ ಒಬ್ಬ ಜವಾಬ್ದಾರ ಸಂಸ್ಥೆ ಇರಲೇಬೇಕು. ಸಾದಾ ಬೀಗಕ್ಕೂ ಬ್ಲೂಟೂತ್ ಇರುವ ಬೀಗಕ್ಕೂ ಕಾಗದಪತ್ರದಲ್ಲಿ ಅಜಗಜಾಂತರ. ಎರಡನೆಯದು ರೇಡಿಯೋ ಉಪಕರಣದ ನಿಯಮದಡಿ ಬರುತ್ತದೆ, ಪರೀಕ್ಷಾ ವರದಿ, ಘೋಷಣಾಪತ್ರ, ಯೂರೋಪಿನ ನಿಯಮಗಳಿಗೆ ಸರಿಹೊಂದಿದೆ ಎಂದು ತೋರಿಸುವ ಸಿಇ ಗುರುತು ಎಲ್ಲ ಬೇಕು. ಆಮದುದಾರನ ಹೆಸರು ವಿಳಾಸವನ್ನು ಸರಕಿನ ಮೇಲೋ ಪೊಟ್ಟಣದ ಮೇಲೋ ಮುದ್ರಿಸಬೇಕು. ಮುದ್ರಿಸಿದ ಆ ವಿಳಾಸದಲ್ಲಿ ಅಧಿಕಾರಿಗಳ ಪತ್ರಕ್ಕೆ ಉತ್ತರ ಕೊಡುವ ಮನುಷ್ಯ ಇರಬೇಕು. ಬರೀ ಅಂಚೆ ಪೆಟ್ಟಿಗೆಯ ವಿಳಾಸ ಇಟ್ಟುಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ ತರುವವರಿಗೆ ಯೂರೋಪಿನಲ್ಲಿ ಇನ್ನೊಂದು ಲೆಕ್ಕ ಸೇರಿದೆ. ಗಡಿಯ ಇಂಗಾಲ ಸುಂಕದ ವ್ಯವಸ್ಥೆ 2023ರ ಅಕ್ಟೋಬರ್‌ನಲ್ಲಿ ಬರೀ ವರದಿ ಸಲ್ಲಿಕೆಯಾಗಿ ಶುರುವಾಗಿ, 2026ರ ಜನವರಿ 1ರಿಂದ ಹಣದ ಹೊಣೆಯಾಗಿದೆ.

ಮುಕ್ತ ವಲಯ ಯಾರಿಗೆ ಬೇಕು?

ಮುಕ್ತ ವಲಯ ಎಂದೊಡನೆ ಸುಂಕವೇ ಇಲ್ಲ ಎಂದು ತಿಳಿಯುವವರಿದ್ದಾರೆ. ಅಲ್ಲಿ ಸುಂಕವನ್ನು ತಾತ್ಕಾಲಿಕವಾಗಿ ತಡೆಹಿಡಿದಿರುತ್ತಾರೆ ಅಷ್ಟೇ. ದುಬೈನ ಜೆಬೆಲ್ ಅಲಿ ಮುಕ್ತ ವಲಯ 1985ರಲ್ಲಿ ಶುರುವಾಯಿತು, ಪನಾಮಾದ ಕೊಲೋನ್ ಮುಕ್ತ ವಲಯ 1948ರಲ್ಲಿ. ಜೆಬೆಲ್ ಅಲಿಗೆ ತಂದು ಆಫ್ರಿಕಾಕ್ಕೋ ಮಧ್ಯ ಏಷ್ಯಾಕ್ಕೋ ಮರಳಿ ಕಳಿಸಿದರೆ ಯುಎಇಯ ಸುಂಕ ಬೀಳುವುದಿಲ್ಲ. ಅದೇ ಸರಕನ್ನು ವಲಯದಿಂದ ಹೊರಗೆ ಯುಎಇ ಪೇಟೆಗೆ ಮಾರಿದರೆ ಸಾಮಾನ್ಯವಾಗಿ ಶೇ. 5 ಸುಂಕ, ಶೇ. 5 ವ್ಯಾಟ್ ಕಟ್ಟಬೇಕು. ಹಾಗಾಗಿ ಮರುರಫ್ತಿನ ಪಾಲು ಎಷ್ಟು ಎನ್ನುವುದರ ಮೇಲೆ ಇದರ ಲಾಭ ನಿಂತಿದೆ.

ಮರುರಫ್ತು ಕಡಿಮೆ ಇರುವವರಿಗೆ ಬಾಂಡೆಡ್ ಗೋದಾಮು ಸಾಕು. ಸರಕು ಕಸ್ಟಮ್ಸ್ ನಿಗಾದಲ್ಲಿರುತ್ತದೆ, ಮಾರಾಟವಾದಷ್ಟನ್ನೇ ತೆಗೆದು ಅಷ್ಟಕ್ಕೇ ಸುಂಕ ಕಟ್ಟಬಹುದು. ಇದಕ್ಕಾಗಿ ಕಂಪನಿಯ ವಿಳಾಸ ಬದಲಿಸಬೇಕಿಲ್ಲ. ಹ್ಯಾಂಬರ್ಗ್‌ನ ಹಳೆಯ ಮುಕ್ತ ಬಂದರು 2013ರ ಜನವರಿ 1ರಂದು ರದ್ದಾಯಿತು, ಆದರೂ ಬಂದರು ನಡೆಯುತ್ತಲೇ ಇದೆ. ಏಕೆಂದರೆ ಬಾಂಡೆಡ್ ಗೋದಾಮಿನಂಥ ವ್ಯವಸ್ಥೆಗಳು ಆ ಕೆಲಸವನ್ನು ಮಾಡುತ್ತಿದ್ದವು.

ಬಂದರು, ಮತ್ತು ಅದರ ಹಿಂದಿನ ದಾರಿ

ನಕಾಶೆಯಲ್ಲಿ ಹತ್ತಿರ ಕಾಣುವ ಬಂದರಲ್ಲ, ನಿಮ್ಮ ಸರಬರಾಜುದಾರರ ಬಂದರಿನಿಂದ ನೇರ ಹಡಗು ಬರುವ ಬಂದರು ನೋಡಿ. ದಾರಿಯಲ್ಲಿ ಹಡಗು ಬದಲಿಸುವ ಸರಕು ನಡುವಿನ ಬಂದರಿನಲ್ಲಿ ವಾರಗಟ್ಟಲೆ ಕಾಯುವುದುಂಟು. ವಾರಕ್ಕೆ ಎಷ್ಟು ಹಡಗು, ಎಷ್ಟು ಕಂಪನಿಗಳದು ಎಂದು ಸರಕು ಸಾಗಣೆ ಏರ್ಪಾಡು ಮಾಡುವ ಫ್ರೈಟ್ ಫಾರ್ವರ್ಡರ್‌ಗಳನ್ನು ಕೇಳಿ. ಒಂದೇ ಹಡಗು ಕಂಪನಿ ಬರುವ ಕಡೆ ಬಾಡಿಗೆಯ ಚೌಕಾಶಿಗೆ ಆಸ್ಪದವಿಲ್ಲ.

ಬಂದರಿನಿಂದ ಒಳನಾಡಿಗೆ ಎಷ್ಟು ದಾರಿಗಳಿವೆ ಎನ್ನುವುದೂ ಅಷ್ಟೇ ಮುಖ್ಯ. ರೋಟರ್‌ಡ್ಯಾಮ್‌ಗೆ ಹೆದ್ದಾರಿ ಇದೆ, ರೈನ್ ನದಿಯ ದೋಣಿ ಸಾಗಣೆ ಇದೆ, 2007ರಲ್ಲಿ ತೆರೆದ, ಜರ್ಮನಿ ಗಡಿವರೆಗಿನ ಸುಮಾರು 160 ಕಿ.ಮೀ. ಉದ್ದದ ಸರಕು ರೈಲು ಮಾರ್ಗವೂ ಇದೆ. 2018 ಮತ್ತು 2022ರಲ್ಲಿ ರೈನ್‌ನ ನೀರು ಇಳಿದು ದೋಣಿಗಳು ಅರೆಬರೆ ತುಂಬಿಕೊಂಡು ಹೋಗಬೇಕಾಯಿತು. ಆಗ ಬೇರೆ ದಾರಿ ಇದ್ದವರ ಸರಕು ತಲುಪಿತು. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಯನ್ನು ಆರು ದಿನ ಅಡ್ಡಗಟ್ಟಿತು. 2023ರ ಕೊನೆಯಿಂದ ಕೆಂಪು ಸಮುದ್ರದ ದಾಳಿಗಳಿಗೆ ಹೆದರಿ ಹಡಗುಗಳು ಗುಡ್‌ಹೋಪ್ ಭೂಶಿರ ಸುತ್ತಿ ಬರತೊಡಗಿದವು. ಅದೇ ವರ್ಷ ಬರದಿಂದಾಗಿ ಪನಾಮಾ ಕಾಲುವೆಯಲ್ಲಿ ದಿನಕ್ಕೆ ದಾಟುವ ಹಡಗುಗಳ ಸಂಖ್ಯೆ ಇಳಿಸಿದರು. ನಿಮ್ಮ ದಾರಿ ಇಂಥ ಒಂದೇ ಇಕ್ಕಟ್ಟಿನ ಜಾಗದ ಮೂಲಕ ಹಾಯುತ್ತಿದ್ದರೆ ಹಾಳೆಯಲ್ಲಿ ಎರಡು ವಾರ ಹೆಚ್ಚು ಬರೆದುಕೊಂಡು, ಆಗಲೂ ಹಣ ಸಾಲುತ್ತದೆಯೇ ನೋಡಿ.

ದೇಶಗಳನ್ನು ಹೋಲಿಸಲು ವಿಶ್ವ ಬ್ಯಾಂಕಿನ ಲಾಜಿಸ್ಟಿಕ್ಸ್ ಸೂಚ್ಯಂಕ ಒಳ್ಳೆಯ ಆರಂಭ. 2023ರ ಆವೃತ್ತಿಯಲ್ಲಿ 139 ದೇಶಗಳಿವೆ, ಸಿಂಗಾಪುರ ಮೊದಲ ಸ್ಥಾನದಲ್ಲಿದೆ. ಒಟ್ಟು ಅಂಕ ಬಿಟ್ಟು ಕಸ್ಟಮ್ಸ್ ಮತ್ತು ಸಮಯಪಾಲನೆಯ ಅಂಕ ನೋಡಿ, ಆಮದುದಾರರಿಗೆ ಬೇಕಾದ್ದು ಅವೆರಡೇ. ಅದೇ ಬ್ಯಾಂಕಿನ ಡೂಯಿಂಗ್ ಬಿಸಿನೆಸ್ ಪಟ್ಟಿಯನ್ನು ಈಗಲೂ ಉಲ್ಲೇಖಿಸುವವರಿದ್ದಾರೆ. ದತ್ತಾಂಶದಲ್ಲಿ ಅಕ್ರಮ ಕಂಡುಬಂದು 2021ರ ಸೆಪ್ಟೆಂಬರ್‌ನಲ್ಲಿ ಅದನ್ನು ನಿಲ್ಲಿಸಲಾಗಿದೆ. ಅದರ ಜಾಗದಲ್ಲಿ ಬಂದ ಬಿ-ರೆಡಿ ವರದಿಯ ಮೊದಲ ಆವೃತ್ತಿ 2024ರ ಅಕ್ಟೋಬರ್‌ನಲ್ಲಿ 50 ಆರ್ಥಿಕತೆಗಳನ್ನಷ್ಟೇ ಒಳಗೊಂಡು ಹೊರಬಂತು.

ಎಲ್ಲ ಇಲಾಖೆಗಳಿಗೂ ಒಂದೇ ಕಡೆ ದಾಖಲೆ ಸಲ್ಲಿಸುವ ವ್ಯವಸ್ಥೆ ಇದೆಯೇ ಎಂದೂ ವಿಚಾರಿಸಿ. ಸಿಂಗಾಪುರ 1989ರಲ್ಲೇ ಟ್ರೇಡ್‌ನೆಟ್ ಹೆಸರಿನಲ್ಲಿ ಇದನ್ನು ತಂದಿತು. ಹೆಸರಿಗೆ ಏಕಗವಾಕ್ಷಿ ಇದ್ದು, ಒಳಗೆ ಆಹಾರ ಇಲಾಖೆಗೊಂದು, ಮಾನಕ ಇಲಾಖೆಗೊಂದು ಕಾಗದ ಕೇಳುವ ಕಡೆಗಳೂ ಇವೆ. ಈ ವ್ಯತ್ಯಾಸ ಕಸ್ಟಮ್ಸ್‌ನಿಂದ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರ ಬಾಯಿಂದಲೇ ತಿಳಿಯುವುದು.

ಬ್ಯಾಂಕನ್ನು ನೋಂದಣಿಗಿಂತ ಮೊದಲು ಕೇಳಿ

ನಾನು ಪೆಟ್ಟು ತಿಂದ ಜಾಗವಾದ್ದರಿಂದ ಒತ್ತಿ ಹೇಳುತ್ತೇನೆ. ಕಂಪನಿ ಹುಟ್ಟುವ ಮೊದಲೇ ಮೂರು ಬ್ಯಾಂಕುಗಳಿಗೆ ಬರೆಯಿರಿ. ಮಾಲೀಕರು ಯಾವ ದೇಶದವರು, ಸರಕು ಯಾವುದು, ಯಾವ ದೇಶದಿಂದ ಬರುತ್ತದೆ, ತಿಂಗಳಿಗೆ ಎಷ್ಟು ಪಾವತಿ, ಯಾರಿಗೆ ಎಂದು ಒಂದು ಪುಟದಲ್ಲಿ ಬರೆದು, ಖಾತೆ ಕೊಡುತ್ತೀರಾ, ಎಷ್ಟು ದಿನ ಬೇಕು ಎಂದು ಕೇಳಿ. ವಿದೇಶಿಯರಿಗೆ ಡಿಜಿಟಲ್ ಗುರುತು ಕೊಡುವ ಎಸ್ಟೋನಿಯಾದ ಇ-ರೆಸಿಡೆನ್ಸಿ 2014ರ ಡಿಸೆಂಬರ್‌ನಲ್ಲಿ ಶುರುವಾಯಿತು. ಜಗತ್ತಿನ ಯಾವ ಮೂಲೆಯಿಂದಲಾದರೂ ಆನ್‌ಲೈನ್‌ನಲ್ಲೇ ಕಂಪನಿ ಮಾಡಬಹುದು, ಒಳ್ಳೆಯ ವ್ಯವಸ್ಥೆ. ಆದರೆ ಅದರ ಜೊತೆ ಬ್ಯಾಂಕ್ ಖಾತೆಯ ಖಾತರಿ ಬರುವುದಿಲ್ಲ.

ಹಣ ಅಕ್ರಮ ವರ್ಗಾವಣೆ ತಡೆಯುವ ಎಫ್‌ಎಟಿಎಫ್ ಸಂಸ್ಥೆಯ ನಿಗಾ ಪಟ್ಟಿಯಲ್ಲಿ ಆ ದೇಶ ಇದೆಯೇ ನೋಡಿ. ಯುಎಇ 2022ರ ಮಾರ್ಚ್‌ನಿಂದ 2024ರ ಫೆಬ್ರವರಿವರೆಗೆ ಆ ಪಟ್ಟಿಯಲ್ಲಿತ್ತು. ಪಟ್ಟಿಯಲ್ಲಿರುವ ದೇಶದಿಂದ ಬರುವ ಪಾವತಿಗಳಿಗೆ ಹೊರಗಿನ ಬ್ಯಾಂಕುಗಳು ಹೆಚ್ಚು ಕಾಗದ ಕೇಳುವುದುಂಟು. ಎಲ್‌ಸಿ (ಸರಬರಾಜುದಾರರಿಗೆ ಬ್ಯಾಂಕು ಕೊಡುವ ಪಾವತಿಯ ಖಾತರಿ ಪತ್ರ) ತೆರೆಯಲು ಹೊಸ ಕಂಪನಿಗೆ ಎಷ್ಟು ನಗದು ಅಡವಿಡಬೇಕು, ಸರಬರಾಜುದಾರರಿಗೆ ಮುಂಗಡ ಕಳಿಸಲು ವಿದೇಶಿ ವಿನಿಮಯದ ಅನುಮತಿ ಬೇಕೇ ಎನ್ನುವುದೂ ಈಗಲೇ ತಿಳಿಯಲಿ. ಸಿಂಗಾಪುರ 1978ರಲ್ಲೇ ವಿನಿಮಯ ನಿಯಂತ್ರಣ ಕೈಬಿಟ್ಟಿದೆ. ಎಲ್ಲ ಕಡೆ ಹಾಗಿಲ್ಲ.

ಕರೆನ್ಸಿಯ ಮಾತು ಚಿಕ್ಕದು. ಕೊಳ್ಳುವ ಕರೆನ್ಸಿಯೂ ಮಾರುವ ಕರೆನ್ಸಿಯೂ ಒಂದೇ ಆದರೆ ಒಂದು ಚಿಂತೆ ಕಡಿಮೆ. ಹಾಂಗ್‌ಕಾಂಗ್ ಡಾಲರ್ 1983ರಿಂದ, ಯುಎಇ ದಿರ್ಹಮ್ 1997ರಿಂದ ಅಮೆರಿಕದ ಡಾಲರ್‌ಗೆ ಕಟ್ಟಿಕೊಂಡಿವೆ. ಡಾಲರ್‌ನಲ್ಲಿ ಕೊಂಡು ಅಲ್ಲೇ ಮಾರುವವರಿಗೆ ವಿನಿಮಯದ ಏರಿಳಿತ ಹೆಚ್ಚು ಕಾಡುವುದಿಲ್ಲ.

ತೆರಿಗೆ ದರ ಈಗ ನೋಡಿ

ಸಿಂಗಾಪುರದಲ್ಲಿ ಕಂಪನಿ ತೆರಿಗೆ ಶೇ. 17. ಹಾಂಗ್‌ಕಾಂಗ್‌ನಲ್ಲಿ ಮೊದಲ 20 ಲಕ್ಷ ಹಾಂಗ್‌ಕಾಂಗ್ ಡಾಲರ್ ಲಾಭಕ್ಕೆ ಶೇ. 8.25, ಅದರ ಮೇಲೆ ಶೇ. 16.5. ಐರ್ಲೆಂಡ್‌ನಲ್ಲಿ ವ್ಯಾಪಾರದ ಲಾಭಕ್ಕೆ ಶೇ. 12.5. ಯುಎಇಯಲ್ಲಿ 2023ರ ಜೂನ್ 1ರ ನಂತರ ಆರಂಭವಾದ ಹಣಕಾಸು ವರ್ಷಗಳಿಂದ 3,75,000 ದಿರ್ಹಮ್ ಮೀರಿದ ಲಾಭಕ್ಕೆ ಶೇ. 9, ಮುಕ್ತ ವಲಯದಲ್ಲಿ ಸೊನ್ನೆ ದರ ಸಿಗಬೇಕಾದರೆ ಷರತ್ತುಗಳಿವೆ.

ಇವೆಲ್ಲ ನಿಮಗೆ ಅನ್ವಯಿಸುವುದು ಕಂಪನಿ ನಿಜವಾಗಿ ಅಲ್ಲಿ ಇದ್ದರೆ ಮಾತ್ರ. ನೀವು ಒಂದು ದೇಶದಲ್ಲಿ ಕೂತು ಖರೀದಿ, ಬೆಲೆ, ಪಾವತಿ ಎಲ್ಲ ತೀರ್ಮಾನಿಸುತ್ತಿದ್ದರೆ, ಕಂಪನಿಯ ನಿಜವಾದ ಆಡಳಿತ ತನ್ನಲ್ಲೇ ನಡೆಯುತ್ತಿದೆ ಎಂದು ನೀವಿರುವ ದೇಶ ತೆರಿಗೆ ಕೇಳಬಹುದು. ಸಿಂಗಾಪುರದಲ್ಲಿ ಅಲ್ಲಿ ನೆಲೆಸಿದ ಒಬ್ಬ ನಿರ್ದೇಶಕರಾದರೂ ಇರಲೇಬೇಕು. ಬಾಡಿಗೆ ನಿರ್ದೇಶಕರು ಸಿಗುತ್ತಾರೆ, ಆದರೆ ಬ್ಯಾಂಕು ಕೇಳುವ ಪ್ರಶ್ನೆಗಳಿಗೆ ಅವರು ಉತ್ತರಿಸಲಾರರು. ಸಲಹೆಗಾರರ ಶುಲ್ಕ, ಲೆಕ್ಕಪರಿಶೋಧನೆ, ಕಚೇರಿ, ವೀಸಾ ಇವುಗಳ ವಾರ್ಷಿಕ ಖರ್ಚನ್ನು ಹಾಳೆಯ ಕೆಳಗೆ ಬರೆದು, ಉಳಿಯುವ ತೆರಿಗೆಯ ಪಕ್ಕದಲ್ಲಿಡಿ. ಕಂಪನಿ ಮುಚ್ಚಬೇಕಾದರೆ ಎಷ್ಟು ತಿಂಗಳು, ಎಷ್ಟು ಹಣ ಎಂದೂ ಕೇಳಿ. ತೆರೆಯುವಾಗ ಈ ಪ್ರಶ್ನೆ ಕೇಳಲು ಮನಸ್ಸು ಬರುವುದಿಲ್ಲ, ಆದರೂ ಕೇಳಿ.

ಎರಡಕ್ಕೆ ಇಳಿಸಿ, ಸಣ್ಣ ಸರಕು ತರಿಸಿ

ಇಷ್ಟು ಹೊತ್ತಿಗೆ ನಿಮ್ಮ ಮುಂದೆ ನಾಲ್ಕೈದು ಹಾಳೆ ಇರಬೇಕು. ಹಣ ಹೆಚ್ಚು ದಿನ ಸಿಕ್ಕಿಬೀಳುವ ಜಾಗಗಳನ್ನು ತೆಗೆದು ಎರಡು ಉಳಿಸಿಕೊಳ್ಳಿ. ಎರಡೂ ಕಡೆ ಇಬ್ಬಿಬ್ಬರು ಕ್ಲಿಯರಿಂಗ್ ಏಜೆಂಟರ ಜೊತೆ ಮಾತಾಡಿ. "ಎಷ್ಟು ದಿನದಲ್ಲಿ ಬಿಡಿಸುತ್ತೀರಿ?" ಎಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. "ಹೋದ ವರ್ಷ ಇದೇ ಕೋಡ್‌ನ ಸರಕು ಯಾಕೆ ನಿಂತಿತ್ತು, ಎಷ್ಟು ದಿನ ನಿಂತಿತ್ತು, ಉಚಿತ ದಿನಗಳು ಮುಗಿದ ಮೇಲೆ ದಿನಕ್ಕೆ ಎಷ್ಟು ಬಿತ್ತು?" ಎಂದು ಕೇಳಿ. ಗೊತ್ತಿರುವವರು ತಡವರಿಸದೆ ಹೇಳುತ್ತಾರೆ, ನೀವು ಕೇಳದ ಎರಡು ವಿಷಯಗಳನ್ನೂ ಸೇರಿಸುತ್ತಾರೆ.

ಆಮೇಲೆ ಪೂರ್ತಿ ಕಂಟೇನರ್ ಬೇಡ, ಬೇರೆಯವರ ಸರಕಿನ ಜೊತೆ ಹಂಚಿಕೊಂಡು ಬರುವ ಎಲ್‌ಸಿಎಲ್ ಸಾಗಣೆಯಲ್ಲಿ ಎರಡು ಪ್ಯಾಲೆಟ್ ತರಿಸಿ. ಅಮೆರಿಕ, ಕೆನಡಾದಂಥ ಕಡೆ ಅಲ್ಲಿ ಕಂಪನಿ ಇಲ್ಲದೆಯೂ ನಿಮ್ಮ ಹೆಸರಿನಲ್ಲೇ ಇದನ್ನು ಮಾಡಬಹುದು, ಬೇರೆ ಕಡೆ ಪ್ರತಿನಿಧಿಯ ಮೂಲಕ. ಸರಕು ಸಣ್ಣದಾದ್ದರಿಂದ ಸುಂಕ ಇಲ್ಲದೆ ಬಂದೀತು ಎಂದು ಎಣಿಸಬೇಡಿ. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಸರಕಿಗೆ ಇದ್ದ ವಿನಾಯಿತಿಯೂ 2025ರ ಆಗಸ್ಟ್ 29ರಿಂದ ನಿಂತಿದೆ.

ಸರಕು ಕೈಗೆ ಬಂದ ದಿನ ಹಾಳೆ ತೆಗೆದು, ನೀವು ಊಹಿಸಿದ ದಿನಗಳ ಪಕ್ಕದಲ್ಲಿ ನಿಜವಾಗಿ ಹಿಡಿದ ದಿನಗಳನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ. ಹಡಗು ತಡವಾದದ್ದು, ಕಸ್ಟಮ್ಸ್ ಪರೀಕ್ಷೆಗೆ ತೆಗೆದದ್ದು, ಬ್ಯಾಂಕು ಪಾವತಿ ತಡೆಹಿಡಿದು ಇನ್‌ವಾಯ್ಸ್ ಕೇಳಿದ್ದು ಎಲ್ಲವನ್ನೂ. ಎರಡು ಜಾಗಗಳ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ನೋಂದಣಿ ಅರ್ಜಿ ತುಂಬಿ.